ಫಿಡೆ ಆರ್ಬಿಟರ್ ಆಗಲು ಏನೇನು ಬೇಕು?

ಚೆಸ್ ಟೂರ್ನಿಯಲ್ಲಿ ತೀರ್ಪು ಕೊಡುವವರಿಗೆ ಅಮೆರಿಕದಲ್ಲಿ ಟೂರ್ನಮೆಂಟ್ ಡೈರೆಕ್ಟರ್ ಎನ್ನುತ್ತಾರೆ, ನಮ್ಮಲ್ಲಿ ಆರ್ಬಿಟರ್. ಈ ಕೆಲಸಕ್ಕೆ ದೊಡ್ಡ ರೇಟಿಂಗ್ (ಆಟಗಾರರ ಬಲ ತೋರಿಸುವ ಅಂಕ) ಬೇಕಿಲ್ಲ. ನಿಯಮ ಬಾಯಿಪಾಠವಾಗಿರಬೇಕು, ಗಲಾಟೆಯ ನಡುವೆಯೂ ಅದು ನೆನಪಾಗಬೇಕು.

ಕರ್ನಾಟಕದಲ್ಲಿರುವವರು ಜಿಲ್ಲಾ ಸಂಸ್ಥೆ ಅಥವಾ ರಾಜ್ಯ ಚೆಸ್ ಸಂಸ್ಥೆಯ ಟೂರ್ನಿಗಳಲ್ಲಿ ಸಹಾಯಕರಾಗಿ ಶುರು ಮಾಡುವುದು ಒಳ್ಳೆಯದು. ರೇಟಿಂಗ್ ಟೂರ್ನಿಯಲ್ಲಿ ಕೆಲಸ ಮಾಡಬೇಕಾದರೆ ವಿಶ್ವ ಚೆಸ್ ಸಂಸ್ಥೆಯಾದ ಫಿಡೆಯ ಗುರುತಿನ ಸಂಖ್ಯೆಯೂ ಆರ್ಬಿಟರ್ ಲೈಸೆನ್ಸೂ ಇರಲೇಬೇಕು. ಎರಡೂ ಅಖಿಲ ಭಾರತ ಚೆಸ್ ಫೆಡರೇಷನ್ ಮೂಲಕವೇ ಬರುತ್ತವೆ.

ಫಿಡೆ ಆರ್ಬಿಟರ್ (ಎಫ್ಎ) ಬಿರುದಿಗೆ ಫಿಡೆ ಮಾನ್ಯ ಮಾಡಿದ ಒಂದು ಸೆಮಿನಾರ್‌ನಲ್ಲಿ ಕೂತು, ಅದರ ಪರೀಕ್ಷೆಯಲ್ಲಿ ಕನಿಷ್ಠ ಶೇ 80 ಅಂಕ ಪಡೆಯಬೇಕು. ಜೊತೆಗೆ ಮೂರು ಟೂರ್ನಿಗಳ ನಾರ್ಮ್, ಅಂದರೆ ಅಲ್ಲಿ ಆರ್ಬಿಟರ್ ಆಗಿ ದುಡಿದದ್ದಕ್ಕೆ ಸಿಗುವ ಮಾನ್ಯತೆ, ಬೇಕು.

ಪರೀಕ್ಷೆಯಲ್ಲಿ ಎಡವುವುದು ಬಹುತೇಕ ಒಂದೇ ಜಾಗದಲ್ಲಿ. ಆಟಗಾರರಾಗಿ ವರ್ಷಗಟ್ಟಲೆ ಆಡಿದವರು ರೂಢಿಯಿಂದ ಉತ್ತರ ಬರೆಯುತ್ತಾರೆ, ನಿಯಮದ ಮಾತುಗಳಿಂದಲ್ಲ. ಒಂದು ಉದಾಹರಣೆ: ಬಿಳಿಯ ಸಮಯ ಮುಗಿದಿದೆ. ಬಿಳಿಗೆ ರಾಜ ಮತ್ತು ಎಚ್2ನಲ್ಲಿ ಒಂದು ಪಾನ್, ಕಪ್ಪಿಗೆ ರಾಜ ಮತ್ತು ಒಂದೇ ಕುದುರೆ. ಹಲವರು ಥಟ್ಟನೆ ಡ್ರಾ ಎನ್ನುತ್ತಾರೆ. ಆದರೆ 6.9ನೇ ನಿಯಮ ಕೇಳುವುದು ನಿಯಮಬದ್ಧವಾದ ಯಾವುದೇ ನಡೆಗಳ ಸರಣಿಯಿಂದ ಚೆಕ್‌ಮೇಟ್ ಸಾಧ್ಯವೇ ಎಂದು. ಬಿಳಿ ರಾಜ ಎಚ್1ಕ್ಕೆ, ಕಪ್ಪು ರಾಜ ಎಫ್1ಕ್ಕೆ, ಕುದುರೆ ಎಫ್2ಕ್ಕೆ ಬಂದರೆ ಮೇಟ್. ಎದುರಾಳಿ ಬೇಕೆಂದೇ ತಪ್ಪು ಆಡಿದರೆ ಮಾತ್ರ ಹೀಗಾದೀತು ಎಂಬ ವಾದ ಇಲ್ಲಿ ನಡೆಯದು: ಕಪ್ಪಿಗೆ ಗೆಲುವು. ಪಾನ್ ಬದಲು ಬಿಳಿಗೆ ಮಂತ್ರಿ ಇದ್ದರೆ? ಮೇಟ್ ಹೇಗೂ ಆಗದು, ಆಗ ಡ್ರಾ. ಎರಡೂ ಸ್ಥಿತಿಯನ್ನು ಬೋರ್ಡ್ ಮೇಲೆ ಕಾಯಿ ಇಟ್ಟು ನೋಡಿ, ಮರೆಯುವುದಿಲ್ಲ.

ಹಾಗೆಯೇ ನಿಯಮ ಮೀರಿದ ನಡೆ. ದೀರ್ಘ ಸಮಯದ ಕ್ಲಾಸಿಕಲ್ ಆಟದಲ್ಲಿ ಮೊದಲ ಸಲಕ್ಕೆ ಎದುರಾಳಿಗೆ 2 ನಿಮಿಷ ಹೆಚ್ಚುವರಿ, ಎರಡನೆಯದಕ್ಕೆ ಸೋಲು. ಕೆಲವೇ ನಿಮಿಷಗಳ ಬ್ಲಿಟ್ಜ್‌ನಲ್ಲಿ ಆ 2 ನಿಮಿಷ 1 ಆಗುತ್ತದೆ. ಎದುರಾಳಿಗೆ ಮೇಟ್ ಮಾಡಲು ಸಾಧ್ಯವೇ ಇಲ್ಲದಿದ್ದರೆ ಸೋಲಲ್ಲ, ಡ್ರಾ. ಗಡಿಯಾರ ಒತ್ತುವ ಮೊದಲೇ ತಿದ್ದಿಕೊಂಡರೆ ಈ ದಂಡವಿಲ್ಲ, ಆದರೆ ಮುಟ್ಟಿದ ಕಾಯಿಯನ್ನೇ ಆಡಬೇಕು. ಒಂದೇ ಸ್ಥಿತಿ 3 ಸಲ ಬಂದರೆ ಡ್ರಾ ಬೇಕೆಂದು ಆಟಗಾರರೇ ಕೇಳಬೇಕು. 5 ಸಲ ಬಂದರೆ ಯಾರೂ ಕೇಳದಿದ್ದರೂ ಆಟ ಡ್ರಾದಲ್ಲಿ ಮುಗಿಯಿತು. ಕಾಯಿ ಹೊಡೆಯದೆ, ಪಾನ್ ನಡೆಸದೆ ಸಾಗಿದ ಆಟಕ್ಕೆ ಅನ್ವಯಿಸುವ 50 ಮತ್ತು 75 ನಡೆಗಳ ನಿಯಮಗಳ ನಡುವೆಯೂ ಇದೇ ಅಂತರ. ಬಿಳಿ-ಕಪ್ಪು ಅದಲುಬದಲಾಗಿ ಆಟ ಶುರುವಾಗಿದ್ದರೆ, ಇಬ್ಬರೂ 10 ನಡೆ ಮುಗಿಸುವ ಮೊದಲು ಗೊತ್ತಾದಾಗ ಮಾತ್ರ ಹೊಸದಾಗಿ ಆಡಿಸುತ್ತೇವೆ. ಮಕ್ಕಳ ಟೂರ್ನಿಯಲ್ಲಿ ಇದು ಮತ್ತೆ ಮತ್ತೆ ಆಗುತ್ತದೆ. ಸುತ್ತು ಶುರುವಾದ ಕೂಡಲೇ ಎಲ್ಲ ಬೋರ್ಡ್‌ಗಳ ಸಾಲು ಒಮ್ಮೆ ಸುತ್ತಿಬಂದರೆ ಮಗುವಿನ ಕಣ್ಣೀರು ತಪ್ಪುತ್ತದೆ.

ಯಾರಿಗೆ ಯಾರು ಎದುರಾಳಿ, ಯಾರಿಗೆ ಯಾವ ಬಣ್ಣ ಎಂದು ನಿಗದಿ ಮಾಡುವ ಪೇರಿಂಗ್‌ಗೆ ಸ್ವಿಸ್-ಮ್ಯಾನೇಜರ್‌ನಂತಹ ತಂತ್ರಾಂಶ ಇದೆ, ಆದರೂ ಪೇರಿಂಗ್ ಮಾಡುವ ಡಚ್ ಪದ್ಧತಿಯನ್ನು ಕೈಯಲ್ಲಿ ಮಾಡಿ ಕಲಿಯಿರಿ. “ನನಗೇಕೆ ಮತ್ತೆ ಕಪ್ಪು?” ಎಂದು ಆಟಗಾರ ಬಂದು ನಿಂತಾಗ ಕಂಪ್ಯೂಟರ್ ಕಡೆ ಬೆರಳು ತೋರಿಸುವುದು ಉತ್ತರವಲ್ಲ.

ಇನ್ನು ನಾರ್ಮ್. ಮೂರನ್ನೂ ಸ್ವಿಸ್ ಟೂರ್ನಿಗಳಿಂದಲೇ (ಪ್ರತಿ ಸುತ್ತಿನಲ್ಲೂ ಹತ್ತಿರದ ಅಂಕದವರು ಎದುರಾಗುವ ಟೂರ್ನಿ) ಕೂಡಿಹಾಕಲು ಹೋಗಬೇಡಿ. ಒಂದಾದರೂ ರೌಂಡ್ ರಾಬಿನ್ (ಪ್ರತಿಯೊಬ್ಬರೂ ಎಲ್ಲರೊಂದಿಗೂ ಆಡುವ ಟೂರ್ನಿ) ಅಥವಾ ತಂಡಗಳ ಟೂರ್ನಿ ಇರಲಿ. ರ‍್ಯಾಪಿಡ್ ಅಥವಾ ಬ್ಲಿಟ್ಜ್ ಒಂದಕ್ಕಿಂತ ಹೆಚ್ಚು ಬೇಡ. ಒಪ್ಪಿಕೊಳ್ಳುವ ಮುನ್ನವೇ ಮುಖ್ಯ ಆರ್ಬಿಟರ್ ಬಳಿ ನಾರ್ಮ್ ಸಿಗುವುದೇ ಎಂದು ಕೇಳಿ. ಫಿಡೆಗೆ ಹೋಗುವ ಟೂರ್ನಿ ವರದಿಯಲ್ಲಿ ಆರ್ಬಿಟರ್ ಎಂದು ನಿಮ್ಮ ಹೆಸರು ಇಲ್ಲದಿದ್ದರೆ ದುಡಿದದ್ದಕ್ಕೆ ಲೆಕ್ಕವಿಲ್ಲ.

ಪ್ರತಿ ಟೂರ್ನಿಗೂ ಎಫ್ಎ1 ಎಂಬ ನಮೂನೆ ಇದೆ. ಕೊನೆಯ ಸುತ್ತಿನ ಸಂಜೆ, ಬಹುಮಾನ ವಿತರಣೆಗೆ ಮೊದಲೇ, ಮುಖ್ಯ ಆರ್ಬಿಟರ್ ಸಹಿ ಹಾಕಿಸಿಕೊಳ್ಳಿ. ಎಲ್ಲರೂ ಬಸ್ಸು, ರೈಲು ಹಿಡಿದ ಮೇಲೆ ಆ ಸಹಿಗಾಗಿ ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ. ಸುತ್ತುಗಳ ಸಂಖ್ಯೆ, ಆಟಗಾರರ ಸಂಖ್ಯೆ, ದಿನಾಂಕಗಳು ಫಿಡೆ ಜಾಲತಾಣದಲ್ಲಿರುವಂತೆಯೇ ಇರಬೇಕು. ಎಲ್ಲ ಸೇರಿದ ಮೇಲೆ ಬಿರುದಿನ ಅರ್ಜಿಯನ್ನು ಫೆಡರೇಷನ್ನೇ ಕಳಿಸುತ್ತದೆ, ನೀವು ನೇರವಾಗಿ ಕಳಿಸುವಂತಿಲ್ಲ. ನಾರ್ಮ್‌ಗಳಿಗೆ ಅವಧಿಯೂ ಇರುವುದರಿಂದ ಮೊದಲನೆಯದು ಸಿಕ್ಕಿತೆಂದು ವರ್ಷಗಟ್ಟಲೆ ಕೂರಬೇಡಿ. ಇಂಟರ್‌ನ್ಯಾಷನಲ್ ಆರ್ಬಿಟರ್ ಬಿರುದಿಗೆ ಎಫ್ಎ ಕೈಗೆ ಬಂದ ಮೇಲೆಯೇ ಹೊಸದಾಗಿ ನಾರ್ಮ್ ಗಳಿಸಬೇಕು. ಆಗ ರಾಷ್ಟ್ರೀಯ ಚಾಂಪಿಯನ್‌ಷಿಪ್, ಆಟಗಾರರಿಗೆ ಬಿರುದಿನ ನಾರ್ಮ್ ಸಿಗುವ ಅಂತರರಾಷ್ಟ್ರೀಯ ಟೂರ್ನಿಗಳ ಕಡೆ ನೋಡಿ.