‘ಚಂದ ಉಂಟು’ ಅಂತ ಹೇಳಿ ನಿಲ್ಲಿಸಬೇಡಿ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. 22 ವರ್ಷ ಆಯ್ತು. ರವಿಕೆ, ಶಾಲೆಯ ಯೂನಿಫಾರ್ಮ್, ಪರ್ದಾ, ಬೇಳದ ಇಗರ್ಜಿಯಲ್ಲಿ ಮದುವೆಯಾಗುವ ಹುಡುಗಿಯರ ಬಿಳಿ ಗೌನ್, ಎಲ್ಲವೂ ಒಂದೇ ಮೇಜಿನ ಮೇಲೆ ಹೊಲಿಯುವುದು. ಬರುವವರು ತುಳು, ಮಲಯಾಳಂ, ಬ್ಯಾರಿ, ಕೊಂಕಣಿ, ಮರಾಠಿ, ಹವ್ಯಕ ಕನ್ನಡ ಅಂತ ಬಾಯಿಗೆ ಬಂದ ಭಾಷೆಯಲ್ಲಿ ಮಾತಾಡುತ್ತಾರೆ. ಭಾನುವಾರ ಸಂಜೆ ಮೆಷಿನ್ ನಿಲ್ಲಿಸಿದ ಮೇಲೆ ಜಗಲಿಯಲ್ಲಿ ನಾವು ಏಳೆಂಟು ಜನ ಕೂತುಕೊಳ್ಳುತ್ತೇವೆ. ಆ ವಾರ ಕೇಳಿದ ಹಾಡು, ನೋಡಿದ ಯಕ್ಷಗಾನದ ಆಟ, ಸಿನಿಮಾ, ಹೋಗಿ ಬಂದ ಉತ್ಸವ, ಓದಿದ ಸುದ್ದಿ, ಯಾವುದು ಮನಸ್ಸಿಗೆ ತಾಗಿತೋ ಅದನ್ನು ಒಬ್ಬೊಬ್ಬರಾಗಿ ಹೇಳುವುದು. ಅಷ್ಟೇ ಕೆಲಸ.

ಮೊದಮೊದಲು ಮಾತು ಮುಂದೆ ಹೋಗುತ್ತಿರಲಿಲ್ಲ. ಒಬ್ಬರು "ಭಾರೀ ಚಂದ ಉಂಟು" ಅನ್ನುವುದು, ಇನ್ನೊಬ್ಬರು "ಹೌದು" ಅನ್ನುವುದು, ಅಲ್ಲಿಗೆ ಮುಗಿಯಿತು. ದೇವರ ವಿಷಯ, ರಾಜಕೀಯದ ವಿಷಯ ಬಂದರೆ ಜಗಳ, ಇಲ್ಲದಿದ್ದರೆ ಮೌನ. ಈಗ ಹಾಗಿಲ್ಲ. ಏನೇನು ಮಾಡಿದ್ದರಿಂದ ಹಾಗಿಲ್ಲ ಅನ್ನುವುದನ್ನು ಬರೆಯುತ್ತಿದ್ದೇನೆ. ನಿಮ್ಮ ಮನೆಯ ಜಗಲಿಯಲ್ಲೂ ಮಾಡಿ ನೋಡಬಹುದು.

ತಾಗಿದ ಜಾಗವನ್ನು ಅವತ್ತೇ ಬರೆದಿಡಿ

ಕೇಳಿದ ದಿನವೇ ಬರೆಯಬೇಕು. ಮರುದಿನಕ್ಕೆ ‘ಚಂದ’ ಅನ್ನುವ ಮಾತು ಮಾತ್ರ ಉಳಿದಿರುತ್ತದೆ. ನಾನು ಬರೆಯುವುದು ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ. ಮೂರ್ನಾಲ್ಕು ಶಬ್ದ ಸಾಕು.

ಒಂದು ಉದಾಹರಣೆ ಕೊಡುತ್ತೇನೆ. ಒಂದು ರಾತ್ರಿ ದೇವಸ್ಥಾನದಲ್ಲಿ ತಾಳಮದ್ದಳೆ ಇತ್ತು. ವಾಲಿಯ ಪ್ರಸಂಗ. ನಿಮಗೆ ಗೊತ್ತಲ್ವಾ, ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಮಾತಾಡುತ್ತಾರೆ. ವಾಲಿಗೆ ಬಾಣ ತಾಗಿ ಆಗಿತ್ತು. ರಾಮನ ಹತ್ತಿರ ಅವನ ವಾದವೂ ಮುಗಿದಿತ್ತು. ಪದ್ಯ ಮುಗಿಯಿತು, ಮದ್ದಳೆ ನಿಂತಿತು. ಅರ್ಥಧಾರಿ ಕೂಡಲೇ ಮಾತು ಎತ್ತಲಿಲ್ಲ. ಶಾಲು ಸರಿಸಿ, ಕೊರಳಿಗೆ ಕೈ ಹಾಕಿ, ಇಲ್ಲದ ಮಾಲೆಯನ್ನು ಮೆಲ್ಲಗೆ ಎತ್ತಿ ತೆಗೆದರು. ಎದುರು ಕೂತ ಸುಗ್ರೀವನ ಕಡೆಗೆ ಕೈ ಚಾಚಿ, "ತಗೋ, ತಮ್ಮಾ" ಅಂದರು. ಅಷ್ಟು ಹೊತ್ತು ಸಿಂಹದ ಹಾಗೆ ಗರ್ಜಿಸಿದ್ದ ದನಿ ಆ ‘ತಮ್ಮಾ’ದಲ್ಲಿ ಪೂರಾ ಇಳಿದುಹೋಗಿತ್ತು.

ಮನೆಗೆ ಬಂದು ಬರೆದದ್ದು ಇಷ್ಟೇ: ‘ಮಾಲೆ. ತಮ್ಮಾ. ತರವಾಡಿನ ಮೆಟ್ಟಿಲು.’ ತರವಾಡು ಅಂದರೆ ನಮ್ಮ ಕುಟುಂಬದ ಮೂಲಮನೆ. ಅದರ ಮೆಟ್ಟಿಲು ಯಾಕೆ ಅಂದರೆ, ಪಾಲಿನ ವಿಷಯದಲ್ಲಿ ನಾನು ಮತ್ತು ನನ್ನ ತಮ್ಮ ಎರಡು ವರ್ಷ ಮಾತು ಬಿಟ್ಟಿದ್ದೆವು. ಕೊನೆಯ ಸಲ ನೋಡಿದ್ದು ಆ ಮೆಟ್ಟಿಲಲ್ಲಿ. ಭಾನುವಾರ ಇದನ್ನು ಜಗಲಿಯಲ್ಲಿ ಹೇಳಿದಾಗ, ತಾಳಮದ್ದಳೆ ಅಂದರೆ ಏನು ಅಂತಲೇ ಗೊತ್ತಿಲ್ಲದ ಹುಡುಗಿಯೊಬ್ಬಳು "ಅಕ್ಕಾ, ಮುಂದಿನದ್ದು ಎಲ್ಲಿ ಉಂಟು?" ಅಂತ ಕೇಳಿದಳು. "ತಾಳಮದ್ದಳೆ ಶ್ರೇಷ್ಠ ಕಲೆ" ಅಂತ ಹೇಳಿದ್ದರೆ ಅವಳು ಕೇಳುತ್ತಿರಲಿಲ್ಲ.

ಹಾಗಾಗಿ ತೀರ್ಪು ಹೇಳಬೇಡಿ, ಜಾಗ ತೋರಿಸಿ. ಹಾಡಾದರೆ ಯಾವ ಸಾಲು, ಎಲ್ಲಿ ದನಿ ಏರಿತು, ಎಲ್ಲಿ ವಾದ್ಯ ನಿಂತಿತು. ಸಿನಿಮಾ ಆದರೆ ಯಾವ ದೃಶ್ಯ. 2018ರಲ್ಲಿ ರಿಷಬ್ ಶೆಟ್ಟಿಯವರು ಕಾಸರಗೋಡಿನ ಕನ್ನಡ ಶಾಲೆಯ ಮೇಲೆ ಸಿನಿಮಾ ಮಾಡಿದಾಗ ನಮ್ಮಲ್ಲಿ ಎಲ್ಲರೂ ನೋಡಿದರು, ಎಲ್ಲರೂ ಹೊಗಳಿದರು. ನನಗೆ ನೆನಪಿರುವುದು ಮಾತ್ರ ಒಬ್ಬರ ಮಾತು. "ಆ ಶಾಲೆಯ ಬೆಂಚು ನೋಡಿ ನನ್ನ ಬೆಂಚಿನ ಅಂಚಿನಲ್ಲಿ ಕೊರೆದಿದ್ದ ಹೆಸರು ನೆನಪಾಯಿತು" ಅಂದಿದ್ದರು.

ಅದು ನಿಮ್ಮ ಹತ್ತಿರ ಹೇಗೆ ಬಂತು ಅಂತ ಹೇಳಿ

ಯೇಸುದಾಸರ ದನಿಯ ವಿಷಯ ಒಂದು ಸಂಜೆ ಬಂತು. ನಮ್ಮ ಅಮ್ಮನಿಗೆ ಅವರು ಶಬರಿಮಲೆಯಲ್ಲಿ ರಾತ್ರಿ ಗುಡಿಯ ಬಾಗಿಲು ಮುಚ್ಚುವಾಗ ಕೇಳಿಸುವ ದನಿ. ಅಪ್ಪ ಮಾಲೆ ಹಾಕಿ ಹೋದ ವರ್ಷಗಳಲ್ಲಿ ಅಮ್ಮ ಮನೆಯಲ್ಲಿ ಕ್ಯಾಸೆಟ್ ಹಾಕಿ, ಈಗ ಅಲ್ಲಿ ಬಾಗಿಲು ಹಾಕಿರಬಹುದು ಅಂತ ಲೆಕ್ಕ ಹಾಕುತ್ತಿದ್ದರು. ಕೊಂಕಣಿ ಮಾತಾಡುವ ಹೆಂಗಸೊಬ್ಬರಿಗೆ ಅವರು ಕ್ರೈಸ್ತ ಮನೆಯಲ್ಲಿ ಹುಟ್ಟಿ ಎಲ್ಲ ದೇವರನ್ನೂ ಹಾಡಿದವರು. ಪಕ್ಕದ ಮನೆಯ ಉಮ್ಮನಿಗೆ, ಗಲ್ಫಿಗೆ ಹೋದ ಗಂಡನ ಕಾಗದಕ್ಕೆ ಕಾಯುತ್ತಿದ್ದಾಗ ಕಣ್ಣೂರು ಆಕಾಶವಾಣಿಯಲ್ಲಿ ಬರುತ್ತಿದ್ದ ಸಿನಿಮಾ ಹಾಡು. ನನಗೆ ಕೊಲ್ಲೂರು. ಜನವರಿ 10, ಅವರ ಹುಟ್ಟುಹಬ್ಬ, ವರ್ಷ ವರ್ಷ ಅವರು ಅಲ್ಲಿಗೆ ಬರುತ್ತಿದ್ದರು. ಒಮ್ಮೆ ಜನರ ನಡುವೆ ಹಿಂದೆ ನಿಂತು ಕೇಳಿದ್ದೆ. ಮುಖ ಕಾಣಲಿಲ್ಲ, ದನಿ ಮಾತ್ರ ಗೋಡೆಗೆ ತಾಗಿ ಬಂತು.

ನಾಲ್ಕು ಜನ, ನಾಲ್ಕು ದಾರಿ. "ಅವರು ನಮ್ಮವರು" ಅಂತ ಯಾರೂ ಎಳೆದಾಡಲಿಲ್ಲ. ದಾರಿ ಹೇಳಿದರೆ ಎಳೆದಾಟಕ್ಕೆ ಜಾಗವೇ ಇರುವುದಿಲ್ಲ.

ಇನ್ನೊಂದು ಸಣ್ಣ ವಿಷಯ. ಹಾಡಿನ ಸಾಲನ್ನು ಮೊದಲು ಅದರ ಭಾಷೆಯಲ್ಲೇ ಹೇಳಿ, ಆಮೇಲೆ ಅರ್ಥ. ಉಮ್ಮ ನನ್ನನ್ನು "ಮೋಳೇ" ಅಂತ ಕರೆಯುತ್ತಾರೆ. ಅದು ‘ಮಗಳೇ’ ಅಂತಲೇ ಅರ್ಥ. ಆದರೆ ಅವರ ಬಾಯಿಯ ‘ಮೋಳೇ’ ಕೇಳದೆ ಆ ಪ್ರೀತಿ ನಿಮಗೆ ಸಿಗುವುದಿಲ್ಲ.

ನಂಬಿಕೆಯ ವಿಷಯ: ನಿಮ್ಮದು ಮಾತ್ರ ಹೇಳಿ, ಅವರದ್ದು ಕೇಳಿ

ಇಲ್ಲಿ ಒಂದೇ ನಿಯಮ. ನಿಮ್ಮ ದೇವರ ಎದುರು ನಿಮಗೆ ಏನಾಯಿತು ಅಂತ ಹೇಳಬಹುದು. ಬೇರೆಯವರ ದೇವರ ವಿಷಯ ನೀವು ವಿವರಿಸಬೇಡಿ, ಅದನ್ನು ಅವರನ್ನೇ ಕೇಳಿ.

ಮಧೂರಿನ ಗಣಪತಿಗೆ ಅಪ್ಪ ಅಂದರೆ ಬಹಳ ಇಷ್ಟ. ಅಕ್ಕಿ, ಬೆಲ್ಲ, ತುಪ್ಪದ ಅಪ್ಪ. ಮೂಡಪ್ಪ ಸೇವೆಯಲ್ಲಿ ಅಪ್ಪದ ರಾಶಿಯಿಂದ ದೇವರನ್ನೇ ಮುಚ್ಚುತ್ತಾರೆ. ಅದು 1992ರಲ್ಲಿ ಆಗಿತ್ತು, ಆಮೇಲೆ ಆದದ್ದು 2025ರಲ್ಲಿ. ನಡುವೆ 33 ವರ್ಷ. 1992ರಲ್ಲಿ ನನಗೆ 15. ಜನಜಂಗುಳಿಯಲ್ಲಿ ಕೈ ತಪ್ಪಬಾರದು ಅಂತ ಅಪ್ಪ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಿದ್ದರು. ಸಂಜೆಯವರೆಗೆ ಕೈಯಲ್ಲಿ ಕೆಂಪು ಗುರುತಿತ್ತು. 2025ರಲ್ಲಿ ನಾನೊಬ್ಬಳೇ ಹೋದೆ. ಸಾಲಿನಲ್ಲಿ ನಿಂತಿದ್ದಾಗ ತುಪ್ಪದ ಪರಿಮಳ ಬಂತು. ನನ್ನ ಕೈ ತಾನಾಗಿ ಮಣಿಕಟ್ಟಿಗೆ ಹೋಯಿತು. ಕಣ್ಣು ತುಂಬಿ ಎದುರಿನದ್ದು ಏನೂ ಕಾಣಲಿಲ್ಲ.

ಮರುದಿನ ಉಮ್ಮ ಅಂಗಡಿಗೆ ಬಂದಾಗ ನನ್ನ ಮುಖ ನೋಡಿ ಕೇಳಿದರು. ಮೂಡಪ್ಪ ಸೇವೆ ಅಂದರೆ ಏನು, ಪುರಾಣ ಏನು ಅಂತ ವಿವರಿಸಲು ಹೊರಟೆ. ಅರ್ಧಕ್ಕೆ ಬಿಟ್ಟೆ. "ಅಪ್ಪದ ಪರಿಮಳಕ್ಕೆ ಅಪ್ಪ ನೆನಪಾದರು ಉಮ್ಮಾ" ಅಂದೆ. ಮತ್ತೆ ಅವರು ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ತಾನು ಸಣ್ಣವಳಿದ್ದಾಗ ತಳಂಗರೆಯ ಮಾಲಿಕ್ ದೀನಾರ್ ಉರೂಸಿಗೆ ಬಾಪ್ಪ, ಅಂದರೆ ಅವರ ಅಪ್ಪ, ಹೆಗಲ ಮೇಲೆ ಕೂರಿಸಿಕೊಂಡು ಹೋದದ್ದನ್ನು ಹೇಳಿದರು. ಬಾಪ್ಪನ ಟೊಪ್ಪಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರಂತೆ. ಬೆವರಿಗೆ ಒದ್ದೆಯಾದ ಆ ಟೊಪ್ಪಿಯ ಹೊಲಿಗೆ ಬೆರಳಿಗೆ ತಾಗುತ್ತಿದ್ದದ್ದು ಈಗಲೂ ನೆನಪು ಅಂದರು. ತಳಂಗರೆಯ ಟೊಪ್ಪಿಯ ಕೈಹೊಲಿಗೆ ಎಷ್ಟು ಸಣ್ಣದು ಅಂತ ಹೊಲಿಯುವವಳಾದ ನನಗೆ ಗೊತ್ತು. ಆ ಬೆರಳ ತುದಿಯನ್ನು ನಾನೂ ಕಂಡ ಹಾಗಾಯಿತು.

ಯಾರ ದೇವರು ದೊಡ್ಡವರು ಅನ್ನುವ ಮಾತು ಇದರಲ್ಲಿ ಎಲ್ಲಿ ಬರುತ್ತದೆ, ಹೇಳಿ.

ರಾಜಕೀಯ: ಮೊದಲು ಸಂಗತಿ, ಆಮೇಲೆ ನಿಮಗಾದದ್ದು

ಇದು ಕಷ್ಟದ ಭಾಗ. ನಿಧಾನವಾಗಿ ಹೇಳುತ್ತೇನೆ.

ಸಂಗತಿಯನ್ನು ಒಂದೆರಡು ವಾಕ್ಯದಲ್ಲಿ ಹೇಳಿ ಮುಗಿಸಿ. ಎದುರಿನವರೂ ಒಪ್ಪುವ ಹಾಗಿರಬೇಕು. ಆಮೇಲೆ ನಿಮ್ಮ ಅನುಭವ. ಎರಡೂ ಬೆರೆಯಬಾರದು. ಮನಸ್ಸಿನಲ್ಲಿ ಎರಡು ವಿರುದ್ಧ ಭಾವನೆ ಇದ್ದರೆ ಎರಡನ್ನೂ ಹೇಳಿ, ಒಂದನ್ನು ಅಡಗಿಸಬೇಡಿ.

ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರನ್ನೇ ತೆಗೆದುಕೊಳ್ಳಿ. ಸಂಗತಿ ಇಷ್ಟು. ಕೇರಳದಲ್ಲಿ 1970ರ ಜನವರಿ 1ರಿಂದ ಗೇಣಿ ಪದ್ಧತಿ ರದ್ದಾಯಿತು. ಭೂಸುಧಾರಣೆಯ ಕಾನೂನಿನ ವಿರುದ್ಧ ಸ್ವಾಮೀಜಿ ಸುಪ್ರೀಂ ಕೋರ್ಟಿಗೆ ಹೋದರು. 1973ರ ಏಪ್ರಿಲ್ 24ರಂದು 13 ನ್ಯಾಯಾಧೀಶರು ಕೊಟ್ಟ ತೀರ್ಪಿನಲ್ಲಿ, ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಕೆಡಿಸುವ ಹಾಗಿಲ್ಲ ಅಂತ ಬಹುಮತದಿಂದ ಆಯಿತು. ಇವತ್ತಿಗೂ ದೇಶದ ದೊಡ್ಡ ದೊಡ್ಡ ಕೇಸುಗಳಲ್ಲಿ ನಮ್ಮ ಊರಿನ ಸ್ವಾಮೀಜಿಯ ಹೆಸರು ಬರುತ್ತದೆ.

ಇನ್ನು ನನ್ನದು. ನನ್ನ ಅಜ್ಜ ಗೇಣಿದಾರರು. ನಾವು ಈಗ ಇರುವ ಮನೆಯ ಅಡಿ ಜಾಗ ಆ ಕಾನೂನಿನಿಂದಲೇ ನಮ್ಮದಾಯಿತು. ಅದೇ ಸ್ವಾಮೀಜಿ ಭಾಗವತಿಕೆ ಮಾಡುತ್ತಿದ್ದರು, ಎಷ್ಟು ಚೆನ್ನಾಗಿ ಹಾಡುತ್ತಿದ್ದರು! 2020ರಲ್ಲಿ ಅವರು ಹೋದ ಸುದ್ದಿ ಬಂದ ದಿನ ನಾನು ಮೆಷಿನ್ ನಿಲ್ಲಿಸಿ ಅವರ ಹಾಡಿನ ರೆಕಾರ್ಡಿಂಗ್ ಹಾಕಿ ಕೂತಿದ್ದೆ. ಅಜ್ಜನ ಜಾಗದಲ್ಲಿ ಕೂತು, ಆ ಕಾನೂನಿಗೆ ವಿರುದ್ಧ ನಿಂತವರ ಹಾಡು ಕೇಳಿ ಅತ್ತೆ. ಎರಡೂ ನಿಜ. ಎರಡನ್ನೂ ಜಗಲಿಯಲ್ಲಿ ಹೇಳಿದೆ. ಅವತ್ತು ಒಡೆಯರ ಮನೆಯ ಕಡೆಯವರೂ ಕೂತಿದ್ದರು, ಗೇಣಿದಾರರ ಕಡೆಯವರೂ ಕೂತಿದ್ದರು. ಇಬ್ಬರೂ ತಮ್ಮ ತಮ್ಮ ಅಜ್ಜಂದಿರ ಕಥೆ ತೆಗೆದರು. ಕತ್ತಲಾದದ್ದು ಗೊತ್ತಾಗಲಿಲ್ಲ.

ಎದುರಿನವರ ಮಾತನ್ನು ಅವರಿಗಿಂತ ಚೆನ್ನಾಗಿ ಹೇಳಲು ಕಲಿಯಿರಿ. ಇದನ್ನು ನಾನು ತಾಳಮದ್ದಳೆಯಿಂದಲೇ ಕಲಿತದ್ದು. ವಾಲಿಯ ಪ್ರಶ್ನೆಗೆ ಪೂರಾ ತೂಕ ಬಂದರೆ ಮಾತ್ರ ರಾಮನ ಉತ್ತರಕ್ಕೂ ತೂಕ. ನಮ್ಮ ಯಕ್ಷಗಾನ ಕಲಾವಿದ ಶೇಣಿ ಗೋಪಾಲಕೃಷ್ಣ ಭಟ್ಟರು ಬಪ್ಪ ಬ್ಯಾರಿ ಅನ್ನುವ ಮುಸ್ಲಿಂ ವ್ಯಾಪಾರಿಯ ಪಾತ್ರವನ್ನು ಎಷ್ಟು ಗೌರವದಿಂದ ಕಟ್ಟಿದರು ಅಂದರೆ, ಬಪ್ಪ ಅಂದ ಕೂಡಲೇ ಹಳಬರಿಗೆ ನೆನಪಾಗುವುದು ಅವರೇ.

ಇನ್ನು ನಾನು ಮಾಡಿದ ಒಂದು ತಪ್ಪು. ಒಮ್ಮೆ ಒಂದು ಕಚೇರಿಗೆ ಹೋಗಿದ್ದೆ. ಅರ್ಜಿಯ ಫಾರ್ಮ್ ಮಲಯಾಳಂನಲ್ಲಿ ಮಾತ್ರ ಇತ್ತು. ನನಗೆ ಮಲಯಾಳಂ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಕನ್ನಡದ್ದು ಕೊಡಿ ಅಂದರೆ ಇಲ್ಲ ಅಂದರು. ಮೂರು ಸಲ ಅಲೆದೆ. ಅಂಗಡಿಗೆ ಬಂದವಳೇ "ಈ ಮಲಯಾಳಿಗಳೇ ಹೀಗೆ" ಅಂತ ಜೋರಾಗಿ ಹೇಳಿದೆ. ಬಟ್ಟೆ ಕೊಡಲು ಬಂದಿದ್ದ ಒಬ್ಬ ಟೀಚರ್ ಅಲ್ಲೇ ನಿಂತಿದ್ದರು. ನೀಲೇಶ್ವರದ ಕಡೆಯವರು, ಮನೆಮಾತು ಮಲಯಾಳಂ. ಏನೂ ಹೇಳದೆ ಚೀಲ ಮಡಚಿ ಹೋದರು. ಮೂರು ತಿಂಗಳು ಬರಲಿಲ್ಲ.

ನಾನೇ ಅವರ ಮನೆಗೆ ಹೋದೆ. ಕ್ಷಮೆ ಕೇಳಿದೆ. ಆಮೇಲೆ ನಡೆದದ್ದನ್ನು ಮತ್ತೆ ಮೊದಲಿನಿಂದ ಹೇಳಿದೆ. ಈ ಸಲ ಆ ಕೌಂಟರ್, ಆ ಫಾರ್ಮ್, ಆ ಮೂರು ದಿನ, ಅಷ್ಟೇ. ನನ್ನ ಊರಿನಲ್ಲಿ ನಿಂತು ನನಗೆ ಅಕ್ಷರ ಬಾರದವಳ ಹಾಗೆ ಆಯಿತು ಅಂದೆ. ಅವರು ಫಾರ್ಮ್ ಕೇಳಿ ತೆಗೆದುಕೊಂಡು ಸಾಲು ಸಾಲಾಗಿ ಓದಿ ಹೇಳಿದರು. ನಾನು ಕನ್ನಡದಲ್ಲಿ ಬರೆದುಕೊಂಡೆ. ಅರ್ಜಿ ಹೋಯಿತು. ಆಮೇಲೆ ಅವರೇ, ಕನ್ನಡ ಫಾರ್ಮ್ ಬೇಕು ಅನ್ನುವ ಮನವಿಗೆ ಸಹಿ ಹಾಕಿದರು. ಭಾಷಾ ಅಲ್ಪಸಂಖ್ಯಾತರ ಹಕ್ಕು ನಾವು ಕೇಳಲೇಬೇಕಾದದ್ದು, ಅದರಲ್ಲಿ ನನಗೆ ಅನುಮಾನ ಇಲ್ಲ. ನಮ್ಮ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬದುಕಿದವರು. ಕಾಸರಗೋಡು ಕನ್ನಡನಾಡಿಗೆ ಸೇರಬೇಕು ಅಂತ ಹೋರಾಡಿದರು. ಮಲಯಾಳಂ ಕವಿ ಕುಮಾರನ್ ಆಶಾನರ ಕಾವ್ಯವನ್ನು ಕನ್ನಡಕ್ಕೆ ತಂದವರೂ ಅವರೇ. ಸಿಟ್ಟು ಬಂದಾಗ ನಾನು ಅವರನ್ನು ನೆನೆಯುತ್ತೇನೆ.

ಕೇಳುವವರಿಗೆ

ಹೇಳಿ ಮುಗಿದ ಕೂಡಲೇ "ನನಗೂ ಒಮ್ಮೆ ಹೀಗೆ ಆಯ್ತು" ಅಂತ ಶುರು ಮಾಡಬೇಡಿ. ಒಂದು ಪ್ರಶ್ನೆ ಕೇಳಿ. "ಯಾವ ಜಾಗದಲ್ಲಿ?" ಅನ್ನುವುದು ಯಾವಾಗಲೂ ನಡೆಯುತ್ತದೆ. ನಿಮಗೆ ಆ ಹಾಡು ಇಷ್ಟ ಇಲ್ಲದಿದ್ದರೆ "ನನಗೆ ತಾಗಲಿಲ್ಲ" ಅಂದರೆ ಸಾಕು, "ಅದರಲ್ಲಿ ಎಂತ ಉಂಟು" ಅನ್ನಬೇಡಿ. ಚುನಾವಣೆಯ ವಾರ ನಾವು ಹಾಡು ಮಾತ್ರ ಹೇಳುತ್ತೇವೆ. ಫಾರ್ವರ್ಡ್ ಬಂದ ಮೆಸೇಜು ಓದಿ ಹೇಳುವುದು ಯಾವ ವಾರವೂ ಇಲ್ಲ.

ನವೆಂಬರ್ 1 ನಮ್ಮಲ್ಲಿ ವಿಚಿತ್ರ ದಿನ. 1956ರ ಆ ದಿನವೇ ಕೇರಳ ಹುಟ್ಟಿದ್ದು, ಆ ದಿನವೇ ನಾವು ಕೇರಳಕ್ಕೆ ಸೇರಿದ್ದು. ಗಡಿಯ ಆಚೆ ರಾಜ್ಯೋತ್ಸವ, ಈಚೆ ಕೇರಳಪ್ಪಿರವಿ. ಒಂದು ವರ್ಷ ಅದು ಭಾನುವಾರ ಬಂತು. ಟೀಚರ್ ಕೇರಳದ ಕಸವು ಸೀರೆ ಉಟ್ಟು ಶಾಲೆಯ ಕಾರ್ಯಕ್ರಮ ಮುಗಿಸಿ ನೇರ ಜಗಲಿಗೆ ಬಂದರು. ಅಂಗಡಿಯ ಬಾಗಿಲಿಗೆ ನಾನು ಕೆಂಪು ಹಳದಿ ರಿಬ್ಬನ್ ಕಟ್ಟಿದ್ದೆ, ಉಳಿದ ಯೂನಿಫಾರ್ಮ್ ಬಟ್ಟೆಯದ್ದು. ಅವರು ಕೂತರು, ರಿಬ್ಬನ್ ನೋಡಿದರು, ನನ್ನನ್ನು ನೋಡಿದರು. "ಹೇಳಿ, ನಿಮಗೆ ಈ ದಿನ ಹೇಗೆ ಆಗುತ್ತದೆ?" ಅಂತ ಕನ್ನಡದಲ್ಲಿ ಕೇಳಿದರು. ನಾನು ಅಳತೆ ಪುಸ್ತಕದ ಹಿಂದಿನ ಹಾಳೆ ತೆಗೆದೆ.