ಮಂಡ್ಯದ ಗದ್ದೆಯ ಇಂಗಾಲವನ್ನು ಉಪಗ್ರಹದ ದತ್ತಾಂಶದಿಂದ ಅಂದಾಜಿಸುವ ಬಗೆ

ಉಪಗ್ರಹಕ್ಕೆ ಕಾಣುವುದು ಎಲೆಯ ಹಸಿರು ಮಾತ್ರ. ಆ ಎಲೆ ಗಾಳಿಯಿಂದ ಹೀರಿದ ಇಂಗಾಲವನ್ನು ನಾವೇ ಲೆಕ್ಕ ಹಾಕಿ ತೆಗೆಯಬೇಕು. ಭತ್ತ, ಕಬ್ಬು, ತೆಂಗು ಒತ್ತೊತ್ತಾಗಿ ಬೆಳೆಯುವ ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ಈ ಕೆಲಸ ದತ್ತಾಂಶದ ಆಯ್ಕೆಯಿಂದಲೇ ಆರಂಭವಾಗುತ್ತದೆ. ನಾಸಾ ಉಪಗ್ರಹಗಳಲ್ಲಿರುವ ಮೋಡಿಸ್ ಉಪಕರಣದ ದ್ಯುತಿಸಂಶ್ಲೇಷಣೆಯ ಅಂದಾಜು ಎಂಟು ದಿನಕ್ಕೊಂದರಂತೆ ಸಿದ್ಧವಾಗಿಯೇ ಸಿಗುತ್ತದಾದರೂ, ಅದರ 500 ಮೀಟರ್ ಪಿಕ್ಸೆಲ್ ಒಂದರಲ್ಲಿ 50 ಎಕರೆಗೂ ಮಿಕ್ಕ ಜಮೀನು ಅಡಗಿರುತ್ತದೆ. ಯುರೋಪಿನ ಉಪಗ್ರಹ ಸೆಂಟಿನೆಲ್-2ರ ಪಿಕ್ಸೆಲ್ 10 ಮೀಟರ್ ಚೌಕ, ಅಂದರೆ ಹೆಚ್ಚುಕಡಿಮೆ ಒಂದು ಗುಂಟೆ. ನಮ್ಮ ಪಹಣಿಯನ್ನು ನೋಡಿಯೇ ಮಾಡಿದಂತಿದೆ. ಎರಡರ ದತ್ತಾಂಶವೂ, ಉಪಗ್ರಹ ಚಿತ್ರಗಳನ್ನು ಅಂತರಜಾಲದಲ್ಲೇ ಸಂಸ್ಕರಿಸುವ ವೇದಿಕೆಯಾದ ಗೂಗಲ್ ಅರ್ಥ್ ಎಂಜಿನ್‌ನಲ್ಲಿ ಲಭ್ಯ.

ಮೊದಲು ಮೋಡ ಮತ್ತು ಅದರ ನೆರಳು ಬಿದ್ದ ಪಿಕ್ಸೆಲ್‌ಗಳನ್ನು ತೆಗೆದುಹಾಕಿ. ಉಳಿದವುಗಳಲ್ಲಿ ಅವಕೆಂಪು ಮತ್ತು ಕೆಂಪು ಪ್ರತಿಫಲನಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದರೆ ಹಸಿರನ್ನು ಅಳೆಯುವ ಎನ್‌ಡಿವಿಐ ಸೂಚ್ಯಂಕ ಬರುತ್ತದೆ. ಆಳೆತ್ತರ ಬೆಳೆದ ಕಬ್ಬಿನಲ್ಲಿ ಈ ಸೂಚ್ಯಂಕ ಮೇಲ್ಮಿತಿ ಮುಟ್ಟಿ ನಿಂತುಬಿಡುವುದರಿಂದ, ನೀಲಿ ಬೆಳಕನ್ನೂ ಬಳಸುವ ಇವಿಐ ಎಂಬ ಇನ್ನೊಂದು ಹಸಿರಿನ ಸೂಚ್ಯಂಕ ಅಲ್ಲಿ ಹೆಚ್ಚು ನಂಬಿಕೆಗೆ ಅರ್ಹ. ನಾಟಿಯ ಹೊತ್ತಿನ ಭತ್ತದ ಗದ್ದೆಯಲ್ಲಿ ನೀರು ನಿಂತಿರುವುದರಿಂದ, ಕಿರು ಅವಕೆಂಪು ತರಂಗದಿಂದ ತೆಗೆಯುವ ನೀರಿನ ಸೂಚ್ಯಂಕ ಕೆಲವು ವಾರ ಹಸಿರಿನ ಸೂಚ್ಯಂಕದ ಸಮಕ್ಕೆ ಬರುತ್ತದೆ ಅಥವಾ ಅದನ್ನು ಮೀರುತ್ತದೆ. ಮೋಡ ಬಿಟ್ಟುಕೊಟ್ಟರೆ ನಾಟಿಯ ವಾರವನ್ನೂ, ಕಬ್ಬು ಎಲ್ಲಿದೆ ಭತ್ತ ಎಲ್ಲಿದೆ ಎಂಬುದನ್ನೂ ಇದರಿಂದಲೇ ಗುರುತಿಸಬಹುದು. ಆದರೂ ಜಿಪಿಎಸ್ ಹಿಡಿದು ಬದುವಿನ ಮೇಲೆ ಒಮ್ಮೆ ನಡೆಯದೆ ಬೆಳೆನಕ್ಷೆಯನ್ನು ಒಪ್ಪಬೇಡಿ.

ಮುಂದಿನ ಸೂತ್ರಕ್ಕೆ ಬ್ರಿಟಿಷ್ ವಿಜ್ಞಾನಿ ಮಾಂಟೀತ್ 1972ರಲ್ಲಿ ಮಂಡಿಸಿದ ವಿಚಾರವೇ ತಳಹದಿ: ಎಲೆಗಳು ಹೀರಿದ ಬೆಳಕನ್ನು ಬೆಳೆಯ ಬೆಳಕು ಬಳಕೆಯ ದಕ್ಷತೆಯಿಂದ ಗುಣಿಸಿದರೆ ಒಟ್ಟು ದ್ಯುತಿಸಂಶ್ಲೇಷಣೆ ದೊರೆಯುತ್ತದೆ. ಹೀರಿದ ಬೆಳಕಿನ ಪಾಲನ್ನು ಸೂಚ್ಯಂಕ ಕೊಡುತ್ತದೆ. ಸೆಕೆ ಮತ್ತು ಒಣಹವೆಗೆ ತಕ್ಕಂತೆ ದಕ್ಷತೆಯನ್ನು ತಗ್ಗಿಸಬೇಕು. ಹೆಚ್ಚಿನವರು ಎಡವುವುದು ಇಲ್ಲಿಯೇ. ಕಬ್ಬು ಸಿ4 ಸಸ್ಯ, ಭತ್ತ ಸಿ3; ಅಂದರೆ ಅಷ್ಟೇ ಬೆಳಕಿನಿಂದ ಕಬ್ಬು ಹೆಚ್ಚು ಇಂಗಾಲ ಹೀರಬಲ್ಲದು. ಮೋಡಿಸ್‌ನ ಸಿದ್ಧ ಲೆಕ್ಕ ಎಲ್ಲ ಬೆಳೆಭೂಮಿಗೂ ಒಂದೇ ಗರಿಷ್ಠ ದಕ್ಷತೆಯನ್ನು ಹಚ್ಚುವುದರಿಂದ ಕಬ್ಬಿನ ಪಾಲು ಕಡಿಮೆಯಾಗಿ ಕಾಣುತ್ತದೆ.

ಗಿಡವೂ ಮಣ್ಣೂ ಹಗಲುರಾತ್ರಿ ಬಿಡುವ ಉಸಿರನ್ನು ತಾಪಮಾನದ ಆಧಾರದಲ್ಲಿ ಅಂದಾಜಿಸಿ ಕಳೆದರೆ ನಿವ್ವಳ ವಿನಿಮಯ ಸಿಗುತ್ತದೆ. ಗಾಳಿಯ ಸುಳಿಗಳನ್ನೂ ಅವು ಹೊತ್ತೊಯ್ಯುವ ಇಂಗಾಲವನ್ನೂ ಅಳೆಯುವ ಗೋಪುರದ ದತ್ತಾಂಶ ಸಿಕ್ಕರೆ ಅದರೊಡನೆ ತಾಳೆ ನೋಡಿ. ನೀರು ನಿಂತ ಗದ್ದೆಯ ಮೀಥೇನ್ ಈ ಲೆಕ್ಕದೊಳಗೆ ಬರುವುದಿಲ್ಲ. ಕಟಾವಾದ ಕಬ್ಬಿನ ಇಂಗಾಲ ಲಾರಿಯೇರಿ ಹೋಗಿರುತ್ತದೆ. ಅದನ್ನು ಹಿಡಿಯಲು ಕಾರ್ಖಾನೆಯ ತೂಕದ ಚೀಟಿಯೇ ಬೇಕು. ಆ ತೂಕದಲ್ಲಿ ನೂರಕ್ಕೆ ಸುಮಾರು 70 ಪಾಲು ನೀರು, ಒಣಗಿ ಉಳಿದದ್ದರಲ್ಲಿ ಅರ್ಧಕ್ಕಿಂತ ತುಸು ಕಡಿಮೆ ಇಂಗಾಲ.