ದೊಡ್ಡ ಯೀಲ್ಡಿನ ಕಲ್ಲು ಬಿಟ್ಟು ಸೌರಸ್ಥಾವರದ ಬಾಗಿಲಲ್ಲಿ ಗಣಿ ಹಾಕಿದ ನನ್ನ ಅನುಭವ

ಎಕ್ಸ್3: ಟೆರನ್ ಕಾನ್‌ಫ್ಲಿಕ್ಟ್ 2008ರಲ್ಲಿ ಬಂದ, ಬಾಹ್ಯಾಕಾಶದಲ್ಲಿ ವ್ಯಾಪಾರ ಮಾಡಿ ಕ್ರೆಡಿಟ್ ಎಂಬ ಹಣ ಗಳಿಸುವ ಕಂಪ್ಯೂಟರ್ ಆಟ. ಅದರ ಗಣಿಗಳ ಬಗ್ಗೆ ಇಷ್ಟು ವರ್ಷಗಳ ಮೇಲೆ ಹೊಸದಾಗಿ ಬರೆಯುವುದೇನಿದೆ ಎಂದು ಕೇಳುವವರಿಗೆ, ಎರಡು ಕೋಟಿ ಕ್ರೆಡಿಟ್ ದಾಟಿದ ನನ್ನ ಖಾತೆಯನ್ನು ತೋರಿಸಬಹುದು. ಮೂವತ್ತರ ಆಸುಪಾಸಿನ ಯೀಲ್ಡ್ (ಕಲ್ಲಿನಲ್ಲಿ ಖನಿಜ ಎಷ್ಟಿದೆ ಎಂದು ತೋರಿಸುವ ಅಂಕಿ) ಇರುವ ಸಾಧಾರಣ ಕ್ಷುದ್ರಗ್ರಹಗಳ ಮೇಲೆ ಮಧ್ಯಮ ಗಾತ್ರದ ಸಿಲಿಕಾನ್ ಗಣಿಗಳನ್ನು ಹಾಕಲು ಹೊರಟಾಗ, ನನಗಿಂತ ಮೊದಲಿನಿಂದ ಈ ಆಟ ಆಡುತ್ತಿದ್ದ ಉಪ್ಪಳದ ಗೆಳೆಯ "ಎಂತ ಮಾರಾಯಾ, ಇಪ್ಪತ್ತೈದರ ಕಲ್ಲಿಗೆ ಯಾರಾದರೂ ದುಡ್ಡು ಸುರಿಯುವುದುಂಟಾ?" ಎಂದು ನಕ್ಕಿದ್ದ. ಬದಿಯಡ್ಕದ ಭಾವನವರು ಇನ್ನೂ ಸಂಕ್ಷಿಪ್ತವಾಗಿ "ಇದು ಅಪ್ಪ ಕೆಲಸ ಅಲ್ಲ ಭಾವ" (ಆಗುವ ಕೆಲಸವಲ್ಲ) ಎಂದು ಮಾತು ಮುಗಿಸಿದ್ದರು. ಮಿನರಲ್ ಸ್ಕ್ಯಾನರ್ ಎಲ್ಲಿ ಸಿಗುತ್ತದೆ, ಗಣಿಯನ್ನು ಹೊತ್ತೊಯ್ಯುವ ಟಿಎಲ್ ಹಡಗನ್ನು ಬಾಡಿಗೆಗೆ ಕರೆಯುವುದು ಹೇಗೆ ಎಂಬ ಸಂಗತಿಗಳು ಓದುವವರಿಗೆ ಗೊತ್ತಿರುತ್ತವೆ ಎಂದು ತಿಳಿದು ಅವನ್ನು ಇಲ್ಲಿ ಬಿಟ್ಟಿದ್ದೇನೆ.

ಮೊದಲು ನಾನೂ ಎಲ್ಲರೂ ಹೇಳುವ ದಾರಿಯನ್ನೇ ಹಿಡಿದಿದ್ದೆ. ಗೇಟುಗಳ ಮೂಲಕ ಒಂದಕ್ಕೊಂದು ಸೇರಿರುವ ಸೆಕ್ಟರುಗಳನ್ನು (ಆಟದ ಆಕಾಶದ ವಲಯಗಳನ್ನು) ಒಂದೊಂದಾಗಿ ಅಲೆದು, ಪ್ರತಿಯೊಂದು ಕಲ್ಲನ್ನೂ ಗುರಿಯಾಗಿ ಹಿಡಿದು, ಐ ಕೀಲಿ ಒತ್ತಿ ಯೀಲ್ಡ್ ನೋಡಿ, ಎಪ್ಪತ್ತನ್ನು ದಾಟಿದ ಒಂದು ಸಿಲಿಕಾನ್ ಕಲ್ಲು ಸಿಕ್ಕಿದಾಗ ಇದ್ದಬದ್ದ ಕ್ರೆಡಿಟ್ಟನ್ನೆಲ್ಲ ಹಾಕಿ ದೊಡ್ಡ ಗಾತ್ರದ ಗಣಿಯನ್ನೇ ಕಟ್ಟಿಸಿದೆ. ಲೆಕ್ಕದ ಪ್ರಕಾರ ಅದು ಗಂಟೆಗೆ ಐನೂರರ ಮೇಲೆ ಸಿಲಿಕಾನ್ ಬಿಲ್ಲೆಗಳನ್ನು ಕೊಡಬೇಕಿತ್ತು. ಒಂದು ಬಿಲ್ಲೆಗೆ ಸೌರಸ್ಥಾವರಗಳು ತಯಾರಿಸುವ 24 ಎನರ್ಜಿ ಸೆಲ್ ಬೇಕು ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಆದರೆ ಐನೂರು ಬಿಲ್ಲೆಗೆ ಗಂಟೆಗೆ ಹನ್ನೆರಡು ಸಾವಿರಕ್ಕೂ ಹೆಚ್ಚು ಸೆಲ್ ಬೇಕೆಂದು ಗುಣಿಸಿ ನೋಡುವವರು ಕಡಿಮೆ. ಹತ್ತಿರದ ಸೌರಸ್ಥಾವರ ನಾಲ್ಕೈದು ಗೇಟುಗಳ ಆಚೆ ಇತ್ತು. ನನ್ನ ಮರ್ಕ್ಯುರಿ ಎಂಬ ಸರಕು ಹಡಗುಗಳು ಒಂದರ ಹಿಂದೆ ಒಂದು ಹೊಟ್ಟೆ ತುಂಬ ಸೆಲ್ ತಂದು ಸುರಿದರೂ ಗಣಿ ಅದನ್ನು ಸ್ವಲ್ಪ ಹೊತ್ತಿನಲ್ಲಿ ನುಂಗಿ, ಮತ್ತೆ ಖಾಲಿ ಕೂರುತ್ತಿತ್ತು. ನಡುವಿನ ಒಂದು ಸೆಕ್ಟರಿನಲ್ಲಿ ಕಡಲ್ಗಳ್ಳರ ಕಾಟ ಬೇರೆ. ಎರಡು ಹಡಗುಗಳು ಸರಕಿನ ಸಮೇತ ಹೋದವು. ಸೆಲ್ ಸಿಗದೆ ಖರೀದಿ ಬೆಲೆಯನ್ನು 18ರವರೆಗೆ ಏರಿಸಿದಾಗ ಲಾಭವೆಂಬುದು ಹೆಸರಿಗೆ ಮಾತ್ರ ಉಳಿಯಿತು.

ಆ ನಷ್ಟದ ನಡುವೆ ಕೂತು ಹಾಕಿದ ಲೆಕ್ಕವೇ ಮುಂದಿನ ಎಲ್ಲದಕ್ಕೂ ಆಧಾರವಾಯಿತು. ಸಿಲಿಕಾನಿನ ಸರಾಸರಿ ಬೆಲೆ 504 ಕ್ರೆಡಿಟ್, ಎನರ್ಜಿ ಸೆಲ್ಲಿನದು 16. ಸರಾಸರಿ ಬೆಲೆಗೆ ಸೆಲ್ ಕೊಂಡರೆ ಒಂದು ಬಿಲ್ಲೆಗೆ 384 ಕ್ರೆಡಿಟ್ ಖರ್ಚು, 120 ಉಳಿತಾಯ. ಸೆಲ್ಲಿನ ಬೆಲೆ ಒಂದು ಕ್ರೆಡಿಟ್ ಇಳಿದರೆ ಬಿಲ್ಲೆಯೊಂದಕ್ಕೆ 24 ಕ್ರೆಡಿಟ್ ಲಾಭ ಹೆಚ್ಚುತ್ತದೆ. 20ಕ್ಕೆ ಏರಿದರೆ ಉಳಿಯುವುದೇ 24. ಯೀಲ್ಡ್ ಎಷ್ಟೇ ಇರಲಿ, ಒಂದು ಬಿಲ್ಲೆಗೆ ಬೇಕಾಗುವ ಸೆಲ್ಲಿನ ಸಂಖ್ಯೆ ಬದಲಾಗುವುದಿಲ್ಲ. ಯೀಲ್ಡ್ ಹೆಚ್ಚಿದಂತೆ ಗಣಿ ಬೇಗ ಬೇಗ ತಿನ್ನುತ್ತದೆ ಮತ್ತು ಬೇಗ ಬೇಗ ಕೊಡುತ್ತದೆ, ಅಷ್ಟೆ. ಆದ್ದರಿಂದ ಕಲ್ಲನ್ನು ನೋಡುವ ಮೊದಲು ಆ ಕಲ್ಲಿನ ಬಾಗಿಲಿಗೆ ಸೆಲ್ ಎಷ್ಟು ಬೆಲೆಗೆ ಬಂದು ಬೀಳುತ್ತದೆ ಎಂಬುದನ್ನು ನೋಡಬೇಕು ಎಂದು ನಾನು ನಿರ್ಧರಿಸಿದೆ. ನಮ್ಮ ಕಾಸರಗೋಡಿನ ಮುರಕಲ್ಲಿನ ಗುಡ್ಡಗಳಲ್ಲಿ ಸುರಂಗ ತೋಡುವವರು ಒರತೆ ಎಷ್ಟು ದೊಡ್ಡದು ಎಂಬುದರ ಜೊತೆಗೆ, ಪಂಪಿನ ಹಂಗಿಲ್ಲದೆ ನೀರು ತಾನಾಗಿ ಇಳಿದು ತೋಟದ ಟಾಂಕಿಗೆ ಬರುತ್ತದೆಯೇ ಎಂಬುದನ್ನೂ ನೋಡುವ ಹಾಗೆ ಇದು.

ಹೀಗೆ ಹುಡುಕುವ ಕ್ರಮವನ್ನೇ ತಲೆಕೆಳಗು ಮಾಡಿದೆ. ಮೊದಲು ಸೌರಸ್ಥಾವರಗಳು ಗುಂಪಾಗಿರುವ ಸೆಕ್ಟರುಗಳನ್ನು ಗುರುತಿಸಿ, ಅಲ್ಲಿ ಉಪಗ್ರಹಗಳನ್ನು ಬಿಟ್ಟು, ಸೆಲ್ಲಿನ ಬೆಲೆ ಎಷ್ಟು ಹೊತ್ತು 13ರ ಹತ್ತಿರ ನಿಲ್ಲುತ್ತದೆ ಎಂದು ಗಮನಿಸಿದೆ. ಆಮೇಲೆ ಆ ಸೆಕ್ಟರಿನಲ್ಲಿ ಅಥವಾ ಒಂದೇ ಗೇಟಿನ ಆಚೆ ಇರುವ ಕಲ್ಲುಗಳನ್ನು ಮಾತ್ರ ಸ್ಕ್ಯಾನ್ ಮಾಡಿದೆ. ಓರ್ ಬೆಲ್ಟ್ ಹೆಸರಿನ ಸೆಕ್ಟರಿಗೆ ಎಲ್ಲರೂ ನುಗ್ಗುತ್ತಾರೆ. ನಾನು ಆಯ್ದುಕೊಂಡ ಸೆಕ್ಟರಿನ ಹೆಸರನ್ನು ಮಾತ್ರ ಈ ಬರಹದಲ್ಲಿ ಹೇಳುವವನಲ್ಲ. ಅದು ಆಟದ ಜನಾಂಗಗಳಲ್ಲಿ ಒಂದಾದ ಆರ್ಗಾನರ ಪ್ರದೇಶ ಎಂಬಷ್ಟನ್ನು ಹೇಳಬಲ್ಲೆ. ಅಲ್ಲಿ ಸಿಕ್ಕ ಕಲ್ಲುಗಳಲ್ಲಿ ಅರುವತ್ತರದ್ದು ಒಂದೂ ಇರಲಿಲ್ಲ. ಆದರೆ ಸುಮಾರು 25, 28 ಮತ್ತು 31 ಯೀಲ್ಡಿನ ಮೂರು ಸಿಲಿಕಾನ್ ಕಲ್ಲುಗಳು ಕೆಲವೇ ಕಿಲೋಮೀಟರು ಅಂತರದಲ್ಲಿ, ಗೇಟುಗಳ ನಡುವಿನ ಸಂಚಾರದ ಸಾಲಿನಿಂದ ಹೆಚ್ಚು ಮೇಲೂ ಕೆಳಗೂ ಹೋಗದೆ ನಿಂತಿದ್ದವು.

ಈ ಮೇಲೆ ಕೆಳಗೆ ಎಂಬ ಅಂಶವನ್ನು ಹೆಚ್ಚಿನವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸೆಕ್ಟರಿನ ನಕ್ಷೆಯನ್ನು ಮೇಲಿನಿಂದ ನೋಡಿದಾಗ ಗೇಟಿನ ಮಗ್ಗುಲಲ್ಲೇ ಇರುವಂತೆ ಕಾಣುವ ಕಲ್ಲು, ನಕ್ಷೆಯನ್ನು ತಿರುಗಿಸಿ ಬದಿಯಿಂದ ನೋಡಿದಾಗ ಮೂವತ್ತು ನಲವತ್ತು ಕಿಲೋಮೀಟರು ಎತ್ತರದಲ್ಲಿ ತೇಲುತ್ತಿರುತ್ತದೆ. ಅಲ್ಲಿಗೆ ಹೋಗಿ ಬರುವ ಪ್ರತಿಯೊಂದು ಸರಕು ಹಡಗೂ ಆ ಎತ್ತರವನ್ನು ಏರಿಯೇ ಇಳಿಯಬೇಕು. ಸುತ್ತಲೂ ಬೇರೆ ಕಲ್ಲುಗಳಿರುವ ಜಾಗವಾದರೆ ಇನ್ನೊಂದು ತೊಂದರೆ ಇದೆ. ಆಟೋಪೈಲಟ್ಟಿನ ಹಡಗು ನಾನು ಅದೇ ಸೆಕ್ಟರಿನಲ್ಲಿ ಕೂತು ನೋಡುತ್ತಿರುವಾಗ ಕಲ್ಲಿಗೆ ಬಡಿದು ಚೂರಾಗುತ್ತದೆ. ನಾನು ಬೇರೆ ಸೆಕ್ಟರಿಗೆ ಹೋದರೆ ಅದೇ ಹಡಗು ಅದೇ ದಾರಿಯಲ್ಲಿ ಏನೂ ಆಗದೆ ಓಡಾಡುತ್ತದೆ, ಏಕೆಂದರೆ ನಾವಿಲ್ಲದ ಸೆಕ್ಟರಿನಲ್ಲಿ ಆಟವು ಡಿಕ್ಕಿಯನ್ನು ಲೆಕ್ಕ ಹಾಕುವುದಿಲ್ಲ. ಯಜಮಾನ ಮೇಲ್ವಿಚಾರಣೆಗೆ ಬಂದ ದಿನವೇ ನಷ್ಟವಾಗುವ ವ್ಯಾಪಾರ ಇದೊಂದೇ ಇರಬೇಕು. ಗಣಿ ಕಟ್ಟಿ ಆದ ಮೇಲೆ ನಾನು ಆ ಸೆಕ್ಟರಿಗೆ ಅನಗತ್ಯವಾಗಿ ಕಾಲಿಡುವುದಿಲ್ಲ.

ಮೂರೂ ಕಲ್ಲುಗಳಿಗೆ ದೊಡ್ಡ ಗಣಿ ಹಾಕದೆ ಮಧ್ಯಮ ಗಾತ್ರದವನ್ನೇ ಹಾಕಿದ್ದು ಗೆಳೆಯರಿಗೆ ಇನ್ನಷ್ಟು ನಗು ತರಿಸಿತು. ಒಂದು ಕಲ್ಲಿಗೆ ಒಂದೇ ಗಣಿ, ಹಾಕಿದ ಮೇಲೆ ಅದರ ಗಾತ್ರ ಹೆಚ್ಚಿಸಲು ಬರುವುದಿಲ್ಲ, ಹಾಗಾಗಿ ಮಧ್ಯಮ ಗಣಿ ಹಾಕುವುದೆಂದರೆ ಕಲ್ಲನ್ನು ಹಾಳು ಮಾಡಿದಂತೆ ಎಂಬುದು ಅವರ ವಾದ. ನನ್ನ ಲೆಕ್ಕ ಬೇರೆ ಇತ್ತು. ಮೂರೂ ಮಧ್ಯಮ ಗಣಿಗಳು ಸೇರಿ ಗಂಟೆಗೆ ಇನ್ನೂರೈವತ್ತು ಚಿಲ್ಲರೆ ಬಿಲ್ಲೆಗಳು, ಅದಕ್ಕೆ ಆರು ಸಾವಿರ ಚಿಲ್ಲರೆ ಸೆಲ್‌ಗಳು. ಸುತ್ತಲಿನ ಸ್ಥಾವರಗಳು ಅಷ್ಟನ್ನು 13 ಅಥವಾ 14ರ ಬೆಲೆಗೆ ಕೊಡಬಲ್ಲವು. ಅದಕ್ಕಿಂತ ಹೆಚ್ಚು ಕೇಳಿದರೆ ಅವುಗಳ ದಾಸ್ತಾನು ಇಳಿದು ಬೆಲೆ ಏರುತ್ತದೆ. ಮೂರನ್ನು ಒಂದೇ ಕಾಂಪ್ಲೆಕ್ಸ್ ಆಗಿ ಜೋಡಿಸಲು ಎರಡು ಕಾಂಪ್ಲೆಕ್ಸ್ ಕಿಟ್ ಬೇಕಾದವು. ಒಂದೊಂದಕ್ಕೆ ಎರಡೂವರೆ ಲಕ್ಷಕ್ಕೂ ಮೇಲೆ ಬೀಳುವುದರಿಂದ ಇದು ಸಣ್ಣ ಖರ್ಚಲ್ಲ. ಈ ಕಿಟ್ಟಿನ ಬೆಲೆಯ ಕಾರಣಕ್ಕೇ ಇಪ್ಪತ್ತಕ್ಕಿಂತ ಕೆಳಗಿನ ಕಲ್ಲನ್ನು ನಾನೂ ಮುಟ್ಟುವುದಿಲ್ಲ. ಆದರೆ ಮೂರಕ್ಕೂ ಒಂದೇ ಹಬ್ (ಹಡಗುಗಳು ಬಂದು ತಂಗುವ ಕೇಂದ್ರ), ಒಂದೇ ದಾಸ್ತಾನು, ಒಂದೇ ಗುಂಪಿನ ಹಡಗುಗಳು ಸಾಕಾಗುತ್ತವೆ. ಸೆಲ್ಲಿಗೆ 14 ಕೊಟ್ಟರೂ ಬಿಲ್ಲೆಗೆ 168 ಉಳಿಯುವುದರಿಂದ ಗಂಟೆಗೆ ನಲವತ್ತು ಸಾವಿರಕ್ಕೆ ಮೋಸವಿಲ್ಲ. ಅದೇ ಹೊತ್ತಿಗೆ ಉಪ್ಪಳದ ಗೆಳೆಯನ ಎಪ್ಪತ್ತರ ಗಣಿ, ಅವನೇ ಒಪ್ಪಿಕೊಂಡ ಪ್ರಕಾರ, ಮೂರರಲ್ಲಿ ಒಂದು ಪಾಲು ಹೊತ್ತು ಮಾತ್ರ ಓಡುತ್ತಿತ್ತು; ಸೆಲ್ಲಿಗೆ ಹದಿನೆಂಟರಂತೆ ಕೊಟ್ಟು ಅವನ ಕೈಗೆ ಗಂಟೆಗೆ ಹತ್ತು ಹನ್ನೆರಡು ಸಾವಿರ ಹತ್ತುತ್ತಿತ್ತು.

ಬೆಲೆಯನ್ನು ಕೆಳಗೇ ಹಿಡಿದಿಡಲು ನಾನು ಮಾಡಿದ ಒಂದು ಉಪಾಯವನ್ನು ಹೇಳಬಹುದು. ಆಟದ ಸೌರಸ್ಥಾವರಗಳು ಹೆಚ್ಚಾಗಿ ನಿಲ್ಲುವುದು ತಮ್ಮ ಕಚ್ಚಾವಸ್ತುವಾದ ಕ್ರಿಸ್ಟಲ್ ಇಲ್ಲದೆ. ಒಂದು ಹಡಗನ್ನು ಅದಕ್ಕೆಂದೇ ಇಟ್ಟು, ನನ್ನ ಸುತ್ತಲಿನ ಸ್ಥಾವರಗಳಿಗೆ ನಾನೇ ಕ್ರಿಸ್ಟಲ್ ಮಾರತೊಡಗಿದೆ. ಆ ವ್ಯಾಪಾರದಲ್ಲಿ ಸಿಕ್ಕಿದ ಲಾಭ ಅಲ್ಪ. ಆದರೆ ಸ್ಥಾವರಗಳು ತುಂಬಿಕೊಂಡು ಸೆಲ್ಲಿನ ಬೆಲೆ 12ರ ಹತ್ತಿರಕ್ಕೆ ಇಳಿದದ್ದೇ ನಿಜವಾದ ಸಂಪಾದನೆ. ಕಾಂಪ್ಲೆಕ್ಸಿನಲ್ಲಿ ಸೆಲ್ಲಿನ ಖರೀದಿ ಬೆಲೆಯನ್ನು ದಿನದ ಯಾವ ಹಂತದಲ್ಲಿ ಎಷ್ಟಕ್ಕೆ ಇಡುತ್ತೇನೆ, ಹಡಗುಗಳಿಗೆ ಎಷ್ಟು ಗೇಟಿನ ಮಿತಿ ಕೊಡುತ್ತೇನೆ ಎಂಬುದು ಮಾತ್ರ ನನ್ನಲ್ಲೇ ಇರಲಿ. ಭಾವನವರಿಗೂ ಅದನ್ನು ಹೇಳಿಲ್ಲ.

ನಡುವೆ ಒಂದು ಅಡ್ಡ ಪ್ರಯೋಗವನ್ನೂ ಮಾಡಿದೆ. ಸ್ವಲ್ಪ ದೂರದಲ್ಲಿ ನಲವತ್ತರ ಮೇಲಿನ ಇನ್ನೊಂದು ಕಲ್ಲಿತ್ತು. ಅದರ ಮೇಲೆ ಗಣಿ ಹಾಕಿ, ಕಾಂಪ್ಲೆಕ್ಸಿಗೆ ಜೋಡಿಸುವ ಮೊದಲು ಟ್ರಾಕ್ಟರ್ ಬೀಮ್ ಹಿಡಿದು ಉಳಿದ ಮೂರರ ಹತ್ತಿರಕ್ಕೆ ಎಳೆದು ತರುವ ಹಂಚಿಕೆ ಹಾಕಿದೆ. ಹೀಗೆ ಎಳೆಯಲು ಬರುತ್ತದೆ ಎಂಬುದು ನಿಜ. ಆದರೆ ಎಳೆಯುವಾಗ ನಾನೇ ಹಡಗಿನಲ್ಲಿ ಕೂತಿರಬೇಕು, ಸೀಟಾ ಹಾಕಿ ಕಾಲವನ್ನು ಓಡಿಸಿದರೆ ಹಿಡಿತ ತಪ್ಪುತ್ತದೆ, ನಿಲ್ಲಿಸಿದ ಮೇಲೂ ಗಣಿ ತನ್ನ ವೇಗದಲ್ಲಿ ಜಾರುತ್ತಲೇ ಹೋಗುತ್ತದೆ. ಒಂದು ಇಡೀ ರಾತ್ರಿ ಕಳೆದು ಅರ್ಧ ದಾರಿಗೆ ಬಂದಾಗ ಮನೆಯಲ್ಲಿ ಕರೆಂಟು ಹೋಯಿತು. ಆಟಿಯ ಮಳೆಯಲ್ಲಿ ನಮ್ಮಲ್ಲಿ ಕರೆಂಟಿನ ಮೇಲೆ ಯಾರೂ ಭರವಸೆ ಇಡುವುದಿಲ್ಲ. ಯುಪಿಎಸ್ಸಿನ ಹಳೆಯ ಬ್ಯಾಟರಿ ಉಳಿಸಲು ಬೇಕಾದಷ್ಟು ಹೊತ್ತೂ ನಿಲ್ಲಲಿಲ್ಲ. ಈ ಆಟದಲ್ಲಿ ನಿಲ್ದಾಣಕ್ಕೆ ತಾಗಿಸದೆ ಆಕಾಶದ ಮಧ್ಯೆ ಆಟ ಉಳಿಸಬೇಕಾದರೆ ಸಾಲ್ವೇಜ್ ಇನ್ಶೂರೆನ್ಸ್ ಬೇಕು, ಪ್ರತಿ ಸಲಕ್ಕೂ ಒಂದು ಖರ್ಚಾಗುತ್ತದೆ. ಈಗ ಮಳೆಗಾಲ ಶುರುವಾಗುವ ಮೊದಲೇ ಅದನ್ನು ರಾಶಿ ಕೊಂಡು ಹಡಗಿನಲ್ಲಿ ಇಟ್ಟುಕೊಳ್ಳುತ್ತೇನೆ. ಆ ನಲವತ್ತರ ಗಣಿಯನ್ನು ಮತ್ತೆ ಎಳೆಯುವ ಗೋಜಿಗೆ ಹೋಗಲಿಲ್ಲ. ಅದು ಇದ್ದಲ್ಲೇ ಇದ್ದು ಬೇರೆಯಾಗಿ ಓಡುತ್ತಿದೆ, ಕಾಂಪ್ಲೆಕ್ಸಿಗಿಂತ ಕಡಿಮೆ ಲಾಭದಲ್ಲಿ.

ಸೆಲ್ ಕೊಳ್ಳುವುದನ್ನೇ ನಿಲ್ಲಿಸುವ ಎರಡನೆಯ ಪ್ರಯೋಗ ಇನ್ನೂ ದುಬಾರಿಯದು. ಸ್ವಂತ ಸೌರಸ್ಥಾವರ, ಅದಕ್ಕೆ ಕ್ರಿಸ್ಟಲ್ ಕಾರ್ಖಾನೆ, ಕ್ರಿಸ್ಟಲ್ ಕಾರ್ಖಾನೆಗೆ ಬೇಕಾದ ಆಹಾರಕ್ಕೆ ಕಹೂನಾ ಬೇಕರಿ, ಬೇಕರಿಗೆ ದನದ ಫಾರ್ಮ್ ಎಂದು ಒಂದಕ್ಕೊಂದು ಪೋಣಿಸುತ್ತ ಹೋದಂತೆ ಕಿಟ್ಟುಗಳಿಗೇ ಲಕ್ಷಗಟ್ಟಲೆ ಸುರಿಯಬೇಕಾಯಿತು. ಸೌರಸ್ಥಾವರದ ಉತ್ಪಾದನೆ ಆ ಸೆಕ್ಟರಿನ ಸೂರ್ಯನ ಪ್ರಕಾಶವನ್ನು ಅವಲಂಬಿಸಿದೆ. ಮೊದಲು ಯೋಚಿಸಿದ ಸೆಕ್ಟರಿನಲ್ಲಿ ಬಿಸಿಲು ಸಾಲದೆ ಲೆಕ್ಕ ಕೂಡಲಿಲ್ಲ, ಬಿಸಿಲು ಚೆನ್ನಾಗಿರುವ ಇನ್ನೊಂದು ಕಡೆ ಮಾತ್ರ ಕೂಡಿತು. ಹೂಡಿದ ಹಣ ತಿರುಗಿ ಬರಲು ಬಹಳ ಕಾಲ ಹಿಡಿಯಿತಾದರೂ, ಆಮೇಲೆ ಬಿಲ್ಲೆಯ ಬೆಲೆಯ ಬಹುಭಾಗ ಲಾಭವಾಗಿಯೇ ಉಳಿಯತೊಡಗಿತು. ಅಂಥ ಜಾಗದಲ್ಲಿ ಮಾತ್ರ ದೊಡ್ಡ ಗಾತ್ರದ ಗಣಿಗೂ ಹೆಚ್ಚು ಯೀಲ್ಡಿನ ಕಲ್ಲಿಗೂ ಅರ್ಥವಿದೆ.

ಈಗ ಭಾವನವರು ಓರ್ (ಅದಿರು) ಗಣಿಯ ವಿಚಾರದಲ್ಲಿ ನನ್ನ ಅಭಿಪ್ರಾಯ ಕೇಳುತ್ತಿದ್ದಾರೆ. ಒಂದು ಘಟಕ ಓರಿಗೆ 6 ಸೆಲ್ ಸಾಕು, ಸರಾಸರಿ ಬೆಲೆ 128, ಆದ್ದರಿಂದ ಉಳಿಯುವುದು ಮೂವತ್ತರಷ್ಟು ಮಾತ್ರ ಎಂದು ಹೆಚ್ಚಿನವರು ಅದನ್ನು ಕಡೆಗಣಿಸುತ್ತಾರೆ. ಆದರೆ ಅದೇ ಯೀಲ್ಡಿನ ಕಲ್ಲಿನಲ್ಲಿ ಓರ್ ಸಿಲಿಕಾನಿನ ಸುಮಾರು ನಾಲ್ಕು ಪಟ್ಟು ವೇಗದಲ್ಲಿ ಬರುತ್ತದೆ. 25ರ ಕಲ್ಲಿನ ಮೇಲೆ ದೊಡ್ಡ ಗಣಿ ಹಾಕಿದರೆ ಗಂಟೆಗೆ ಏಳುನೂರೈವತ್ತರ ಹತ್ತಿರ. ಗುಣಿಸಿ ನೋಡಿದರೆ ಗಂಟೆಯ ಲಾಭವೂ ಸೆಲ್ಲಿನ ಖರ್ಚೂ ಸಿಲಿಕಾನಿನದಕ್ಕೆ ಹೆಚ್ಚು ಕಡಿಮೆ ಸಮವಾಗುತ್ತವೆ, ಸಾಗಿಸಬೇಕಾದ ರಾಶಿ ಮಾತ್ರ ದೊಡ್ಡದು. ಹತ್ತಿರದಲ್ಲಿ ಆಯುಧ ಅಥವಾ ಶೀಲ್ಡ್ ಕಾರ್ಖಾನೆಗಳಿದ್ದು ಅವುಗಳ ಹಡಗುಗಳೇ ಬಂದು ಒಯ್ಯುವಂತಿದ್ದರೆ ಧೈರ್ಯವಾಗಿ ಹಾಕಿ, ಮಾರಾಟದ ಬೆಲೆಯನ್ನು ಸರಾಸರಿಗಿಂತ ಎರಡು ಮೂರು ಕ್ರೆಡಿಟ್ ಕೆಳಗಿಡಿ ಎಂದು ಅವರಿಗೆ ಹೇಳಿದ್ದೇನೆ. ಬದಿಯಡ್ಕದಿಂದ ಇನ್ನೂ ಉತ್ತರ ಬಂದಿಲ್ಲ. ಅವರ ಟಿಎಲ್ ಹಡಗು ಗಣಿಯನ್ನು ಹೊತ್ತು ಆಗಲೇ ಹೊರಟಿದೆ ಎಂದು ಉಪ್ಪಳದ ಗೆಳೆಯ ಹೇಳಿದ.